ಎಲ್ಲರಿಗೂ ಬಂದಿದ್ದ ಜ್ವರ

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪುಣೆಯ ಕೊಂಢವಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಚಿಕುನ್‌ಗುನ್ಯಾ ಬರದ ಮನೆಯೇ ಇರಲಿಲ್ಲ. ಪಕ್ಕದ ಜಾಗದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಲಿಫ್ಟಿಗೆಂದು ತೋಡಿದ ಗುಂಡಿಯಲ್ಲಿ ನೀರು ನಿಂತು ಹಸಿರಾಗಿತ್ತು. ಮೊದಲು ನೆಲಮಹಡಿಯ ಟೇಲರ್ ಮನೆಯವರು ಮಲಗಿದರು, ಆಮೇಲೆ ಜ್ವರ ಒಂದೊಂದೇ ಮಹಡಿ ಹತ್ತಿ ಮೂರನೆಯದಕ್ಕೆ, ನಮ್ಮಲ್ಲಿಗೆ ಬಂತು. ನನ್ನ ಗಂಡನಿಗೆ ಮೊದಲು. ಅವರು ಎದ್ದು ಕೂರುವಷ್ಟಾದಾಗ ನಾನು ಮತ್ತು ಅತ್ತೆ ಒಂದೇ ದಿನ ಮಲಗಿದೆವು. ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಗಂಜಿ ಕಾಯಿಸುತ್ತಿದ್ದರು. ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ನಾನೂ ಅತ್ತೆಯೂ ಅಕ್ಕಪಕ್ಕದ ಮಂಚದಲ್ಲಿ ಮಲಗಿ ಅದನ್ನೇ ಕುಡಿಯುತ್ತಿದ್ದೆವು.

ಜ್ವರ ಬಿಟ್ಟ ಮೇಲೂ ಕೀಲುನೋವು ಉಳಿಯಿತು. ಇಡೀ ಕಟ್ಟಡದ ಮಂದಿ ಮೆಟ್ಟಿಲ ಮೇಲೆ ಏಡಿಗಳ ಹಾಗೆ ಓರೆಯಾಗಿ ಇಳಿಯುತ್ತಿದ್ದರು. ಎದುರುಬದುರಾದರೆ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಯಾರ ಮೊಣಕಾಲು, ಯಾರ ಹಿಮ್ಮಡಿ, ಯಾರು ಯಾವ ಎಣ್ಣೆ ಹಚ್ಚಿದರು, ಎಲ್ಲರ ಬಾಯಲ್ಲೂ ಅದೇ ಮಾತು. ಆ ನಗುವಿನಲ್ಲಿ ನಾನೂ ಇದ್ದೆ.

ನಂತರ ಒಬ್ಬೊಬ್ಬರೇ ನೆಟ್ಟಗೆ ನಡೆಯತೊಡಗಿದರು. ಗಂಡ ಹಡಪಸರದ ಕಂಪನಿಗೆ, ತಮ್ಮ ಶಿಫ್ಟಿಗೆ ಮರಳಿದರು. ಗೋಕಾಕದ ಕಡೆಯ ನಮ್ಮ ಅತ್ತೆ, ಎಪ್ಪತ್ತರ ಹತ್ತಿರದವರು, ದೀಪಾವಳಿಯ ಹೊತ್ತಿಗೆ ಚೀಲ ಹಿಡಿದು ತರಕಾರಿ ಮಂಡಿಗೆ ಹೋಗಿ ಬರುವಂತಾದರು. ನಾನು ಮಾತ್ರ ಉಳಿದೆ.

ನನಗಾಗ ಮೂವತ್ತಮೂರು. ಮದುವೆಗೆ ಮುಂಚೆ ಧಾರವಾಡದಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಕಲಿತಿದ್ದೆ. ಪುಣೆಗೆ ಬಂದ ಮೇಲೆ ಕೊಂಢವಾದಲ್ಲೇ, ಮುಖ್ಯರಸ್ತೆಯ ಒಂದು ಚಷ್ಮಾ ಅಂಗಡಿಯಲ್ಲಿ ಅದೇ ಕೆಲಸ ಸಿಕ್ಕಿತ್ತು. ಗಾಜನ್ನು ಫ್ರೇಮಿನೊಳಗೆ ಕೂರಿಸುವುದು, ಎಳ್ಳುಕಾಳಿನಂಥ ಸ್ಕ್ರೂ ಬಿಗಿಯುವುದು, ಕಡ್ಡಿಯನ್ನು ಬಿಸಿಮಾಡಿ ಕಿವಿಯ ಹಿಂದೆ ಒತ್ತದಂತೆ ಬಗ್ಗಿಸುವುದು. ನನಗೆ ಆ ಕೆಲಸ ಭಾಳ ಪ್ರೀತಿಯದು. ಮುಖಕ್ಕೆ ಸರಿಯಾಗಿ ಕೂತ ಕನ್ನಡಕವನ್ನು ಜನ ಮರೆತೇಬಿಡುತ್ತಾರೆ. ಹಾಗೆ ಮರೆಯುವಂತೆ ಕೂರಿಸುವುದೇ ಕೈಚಳಕ. ಮದುವೆಯಾಗಿ ಮೂರು ವರ್ಷವಾಗಿತ್ತು. ಆ ದೀಪಾವಳಿ ಆದ ಮೇಲೆ ಮಗುವಿನ ವಿಚಾರ ಮಾಡೋಣವೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅತ್ತೆಗೂ ಅದು ಗೊತ್ತಿತ್ತು.

ಅಂಗಡಿಗೆ ಮರಳಿದ ಮೊದಲ ವಾರ ಒಬ್ಬ ಗಿರಾಕಿಯ ಎದುರಿಗೇ ಸ್ಕ್ರೂ ಬೆರಳಿನಿಂದ ಜಾರಿತು. ಹುಡುಕಿ ಎತ್ತಲು ಹೋದರೆ ಬೆರಳ ತುದಿಗಳು ಒಂದಕ್ಕೊಂದು ಮುಟ್ಟುತ್ತಲೇ ಇರಲಿಲ್ಲ. ಮಾಲೀಕರಾದ ಮರಾಠಿ ಕಾಕಾ, "ಸಾವಕಾಶ ಕರ, ಘಾಯಿ ನಾಹಿ" ಎಂದರು, ಅವಸರವೇನಿಲ್ಲ ಎಂಬಂತೆ. ತಾವೇ ಬಗ್ಗಿ ಸ್ಕ್ರೂ ಎತ್ತಿ ಬಿಗಿದು ಕೊಟ್ಟರು. ಮರುದಿನವೂ ಅವರೇ ಬಿಗಿದರು. ಆಮೇಲಾಮೇಲೆ ನಾನು ಸುಮ್ಮನೆ ಫ್ರೇಮನ್ನು ಅವರ ಕಡೆ ಸರಿಸತೊಡಗಿದೆ.

ನಮ್ಮ ಓಣಿಯ ಡಾಕ್ಟರು, ಚಿಕುನ್‌ಗುನ್ಯಾ ನೋವು ಆರು ತಿಂಗಳು ಕಾಡುತ್ತದೆ, ಧೈರ್ಯವಾಗಿರಿ ಎಂದರು. ನೋವಿನ ಗುಳಿಗೆ ಕೊಟ್ಟರು. ಅದು ನಾಟದಾಗ ಸಣ್ಣ ಬಿಳಿಯ ಗುಳಿಗೆ ಕೊಟ್ಟರು. ಅದನ್ನು ತೆಗೆದುಕೊಂಡಷ್ಟು ದಿನ ನಾನು ಹಕ್ಕಿಯಂತೆ ಹಗುರಾದೆ, ಮನೆಯ ಪರದೆಗಳನ್ನೆಲ್ಲ ಒಗೆದು ಹಾಕಿದೆ. ಗುಳಿಗೆ ನಿಂತ ವಾರದಲ್ಲಿ ನೋವು ಮೊದಲಿಗಿಂತ ಹೆಚ್ಚಾಗಿ ಬಂತು. ಅದು ಸ್ಟಿರಾಯ್ಡ್ ಎಂದು ತಿಳಿದದ್ದು ಎಷ್ಟೋ ದಿನಗಳ ನಂತರ.

ಈ ರೋಗಕ್ಕೆ ಒಂದು ಕೆಟ್ಟ ಗುಣವಿದೆ. ಅದು ಬೆಳಗಿನ ರೋಗ. ಎದ್ದ ಕೂಡಲೇ ಎರಡೂ ಕೈಯ ಬೆರಳುಗಳು ಒಣಹಿಟ್ಟು ಮೆತ್ತಿಕೊಂಡಂತೆ ಬಿಗಿಯಾಗಿರುತ್ತಿದ್ದವು. ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಹಲ್ಲುಜ್ಜುವ ಬ್ರಶ್ಶನ್ನು ಎರಡು ಅಂಗೈಗಳ ನಡುವೆ ಹಿಡಿಯುತ್ತಿದ್ದೆ. ಬಿಸಿಲೇರಿದಂತೆ ನಿಧಾನವಾಗಿ ಬಿಡುತ್ತಿತ್ತು. ಸಂಜೆ ಗಂಡ ಮನೆಗೆ ಬರುವಷ್ಟರಲ್ಲಿ ನಾನು ಚಹಾ ಸೋಸಿ ಕೊಡುವ ಹೆಂಡತಿಯಾಗಿರುತ್ತಿದ್ದೆ. ಬೆಳಿಗ್ಗೆ ಏನಾಗಿತ್ತೆಂದು ಹೇಳಿದರೆ ಅವರು ಕೇಳಿಸಿಕೊಳ್ಳುತ್ತಿದ್ದರು, ಆದರೆ ಅವರ ಕಣ್ಣು ನನ್ನ ಕೈಯಲ್ಲಿನ ಬಟ್ಟಲ ಮೇಲಿರುತ್ತಿತ್ತು.

ಅತ್ತೆ ಕೆಟ್ಟವರಲ್ಲ. ಆದರೆ ಅದೇ ಜ್ವರ ಅವರಿಗೂ ಬಂದಿತ್ತು. "ನನಗೂ ಬಂದಿತ್ತಲ್ಲವಾ. ನಾ ಮುದುಕಿ, ಎದ್ದು ಅಡ್ಡಾಡಲಿಕ್ಕತ್ತೀನಿ. ಮಲಗಿದಷ್ಟೂ ಮೈ ಹಿಡಕೋತದ. ನೀ ಕೈ ಆಡಸಬೇಕು, ತಾನ ಬಿಡ್ತದ" ಎನ್ನುತ್ತಿದ್ದರು. ಕಟ್ಟಡದವರೂ ಅದನ್ನೇ ಹೇಳುತ್ತಿದ್ದರು. ಯಾರಿಗೂ ಬಾರದ ಬೇನೆ ಬಂದಿದ್ದರೆ ಯಾರಾದರೂ ಹೆದರಿ ಕೇಳುತ್ತಿದ್ದರೇನೋ. ನನಗೆ ಬಂದದ್ದು ಎಲ್ಲರಿಗೂ ಬಂದು ಹೋದ ಜ್ವರ. ಅವರು ಗೆದ್ದದ್ದರಲ್ಲಿ ನಾನು ಸೋಮಾರಿಯಾಗಿ ಸೋತಂತೆ ಕಾಣುತ್ತಿತ್ತು. ಕೆಲವು ದಿನ ನಾನೂ ಹಾಗೆಯೇ ನಂಬಿದೆ.

ಒಂದು ಬೆಳಿಗ್ಗೆ ಗಂಡ ಮೊದಲ ಶಿಫ್ಟಿಗೆ ಹೋಗಿದ್ದರು. ಹಿಂದಿನ ಗಲ್ಲಿಯಲ್ಲಿ ಕನ್ನಡದವರ ಮನೆಯೊಂದರಲ್ಲಿ ಭಜನೆ ಇತ್ತು. ಅತ್ತೆ ಅಲ್ಲಿಗೆ ಹೊರಟರು. ಅವರು ಬಾಗಿಲು ಎಳೆದುಕೊಂಡು ಹೋದ ಸದ್ದು ಕೇಳಿಸಿತು. ನಾನು ಸ್ನಾನಕ್ಕೆ ಹೋಗಿ ಚಿಲಕ ಹಾಕಿಕೊಂಡೆ. ಹಾಕುವಾಗ ಅಂಗೈಯ ಬುಡದಿಂದ ನೂಕಿದರೆ ಸಾಕಿತ್ತು. ಸ್ನಾನ ಮುಗಿಸಿ ತೆಗೆಯಲು ಹೋದಾಗ ಗೊತ್ತಾಯಿತು, ತೆಗೆಯಬೇಕಾದರೆ ಅದರ ಗುಬ್ಬಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು, ಮೇಲಕ್ಕೆತ್ತಿ, ಪಕ್ಕಕ್ಕೆ ಎಳೆಯಬೇಕು. ಹೆಬ್ಬೆರಳು ತೋರುಬೆರಳ ಹತ್ತಿರಕ್ಕೇ ಬರಲಿಲ್ಲ.

ಮೊದಲು ನಗು ಬಂತು. ಬಿಸಿನೀರಲ್ಲಿ ಕೈ ಅದ್ದಿ ಹಿಡಿದರೆ ಸಡಿಲಾಗುತ್ತದೆಂದು ಗೀಸರಿನ ನಲ್ಲಿ ಬಿಟ್ಟೆ. ನೀರು ತಣ್ಣಗಾಯಿತು, ಬೆರಳು ಹಾಗೇ ಇದ್ದವು. ಟವೆಲ್ ಸುತ್ತಿ ಎಳೆದೆ. ಮಗ್ಗಿನ ಹಿಡಿಕೆಯಿಂದ ಕುಟ್ಟಿದೆ. ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದೆ, ತುಟಿ ಒಡೆದು ಬಾಯಲ್ಲಿ ಕಬ್ಬಿಣದ ರುಚಿ ಬಂತು. ಫೋನು ಹೊರಗೆ ಹಾಸಿಗೆಯ ಮೇಲಿತ್ತು, ಒಂದೆರಡು ಸಲ ರಿಂಗಾದದ್ದು ಕೇಳಿಸಿತು. ಅಂಗಡಿಯಿಂದ ಇರಬೇಕು. ಗೋಡೆಯ ಮೇಲ್ಗಡೆಯ ಸಣ್ಣ ಕಿಟಕಿ ಪೈಪುಗಳ ಡಕ್ಟಿಗೆ ತೆರೆಯುತ್ತದೆ. ಬಕೆಟ್ ಬೋರಲು ಹಾಕಿ ಹತ್ತೋಣವೆಂದರೆ ಮೊಣಕಾಲು ಒಪ್ಪಲಿಲ್ಲ. ಕೆಳಗಿನಿಂದಲೇ "ಕೋಣಿ ಆಹೆ ಕಾ?", ಯಾರಾದರೂ ಇದ್ದೀರಾ, ಎಂದು ಮರಾಠಿಯಲ್ಲಿ ಕೂಗಿದೆ. ಮೇಲಿನ ಮನೆಯ ಕುಕ್ಕರು ಕೂಗಿತು. ಯಾರದೋ ಟಿವಿಯಲ್ಲಿ ಮರಾಠಿ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈಯುತ್ತಿದ್ದಳು. ಪಕ್ಕದ ಕಟ್ಟಡದಲ್ಲಿ ಕಬ್ಬಿಣ ಕತ್ತರಿಸುವ ಯಂತ್ರ ಶುರುವಾದ ಮೇಲೆ ನನ್ನ ದನಿ ನನಗೇ ಕೇಳಿಸದಾಯಿತು.

ಬಕೆಟ್ಟಿನ ಮೇಲೆ ಕೂತೆ. ಮೈ ಒರೆಸಿಕೊಂಡ ಟವೆಲ್ ಒದ್ದೆಯಾಗಿತ್ತು, ಚಳಿ ಹತ್ತಿತು. ಬಿಸಿಲೇರಿದರೆ ಬಿಡುತ್ತಿದ್ದ ಬೆರಳು ಆ ದಿನ ಕುಟ್ಟಿ, ಎಳೆದು ಇನ್ನಷ್ಟು ಊದಿದ್ದವು. ಗಾಳಿಗೇನೂ ಕೊರತೆ ಇರಲಿಲ್ಲ, ನೀರಿತ್ತು, ಅತ್ತೆ ಬಂದೇ ಬರುತ್ತಾರೆಂದು ಗೊತ್ತಿತ್ತು. ಹಾಗಿದ್ದರೂ ಎದ್ದೆದ್ದು ಚಿಲಕ ಮುಟ್ಟಿ ನೋಡಿದೆ. ಮಗುವೂ ತೆಗೆಯಬಲ್ಲ ಚಿಲಕ ಅದು. ಅದನ್ನೇ ನೋಡುತ್ತ ಕೂತೆ. ಈ ಬಾಗಿಲೇನೋ ಯಾರಾದರೂ ಬಂದು ತೆಗೆದಾರು, ನಾನಿರುವುದು ಈ ಕೈಗಳೊಳಗಲ್ಲವೇ, ಇವುಗಳಿಂದ ಹೊರಗೆ ಹೋಗುವುದು ಎಲ್ಲಿಂದ, ಎಂಬ ವಿಚಾರ ಬಂದಾಗ ಅಳು ಬಂತು. ಕಣ್ಣು ಒರೆಸಲು ಮುಂಗೈ ಎತ್ತಬೇಕಾಯಿತು.

ಅತ್ತೆ ತರಕಾರಿ ತೆಗೆದುಕೊಂಡು ಬಂದಾಗ ಮಧ್ಯಾಹ್ನದ ಬಿಸಿಲು ಡಕ್ಟಿನೊಳಗೆ ಇಳಿದಿತ್ತು.

"ಯಾಕವಾ, ಇನ್ನೂ ಸ್ನಾನಾ ಆಗಿಲ್ಲೇನು?"

"ಅತ್ತ್ಯಾರ, ಚಿಲಕಾ ತಗೀಲಿಕ್ಕೆ ಬರವಲ್ದು."

"ಗಟ್ಟಿ ಆಗೇದೇನು? ಜೋರ್ಲೆ ಎಳಿ."

"ಚಿಲಕಾ ಛಲೋನ ಅದರಿ. ನನ್ನ ಬೆರಳ ಬರವಲ್ವು."

ತರಕಾರಿ ಚೀಲ ಕೆಳಗಿಟ್ಟ ಸದ್ದಾಯಿತು.

"ಎಷ್ಟೊತ್ತಾತು?"

"ನೀವು ಹೋದಾಗಿಂದ."

"ಅಯ್ಯೋ ನನ್ನವ್ವಾ" ಎಂದರು. ಆ ದನಿಯನ್ನು ನಾನು ಅವರ ಬಾಯಿಂದ ಮೊದಲು ಕೇಳಿರಲಿಲ್ಲ. ಅವರು ಬಾಗಿಲಿಗೆ ಅಂಗೈ ಹಚ್ಚಿ ನಿಂತಿರಬೇಕು, ಬಳೆ ತಾಗಿದ್ದು ಕೇಳಿಸಿತು. "ಅಂಜಬ್ಯಾಡ. ನಾ ಬಂದೀನಿ. ಬಟ್ಟಿ ಹಾಕ್ಕೊಂಡೀಯೇನು?"

"ಗುಂಡಿ ಹಾಕಲಿಕ್ಕೆ ಬರವಲ್ದರಿ. ಟವೆಲ್ ಅಷ್ಟ ಸುತ್ತಿಕೊಂಡೀನಿ."

ಅವರು ಬಾಲ್ಕನಿಗೆ ಹೋಗಿ, ತಮಗೆ ಬರುವಷ್ಟು ಮರಾಠಿಯಲ್ಲಿ ಪಕ್ಕದ ಕಟ್ಟಡದ ಕೆಲಸಗಾರರನ್ನು ಕೂಗಿ ಕರೆದರು. ಬಡಗಿಯೊಬ್ಬ ಬಂದು ಉಳಿ ಹಾಕಿ ಚಿಲಕ ಎಬ್ಬಿಸಿದ. ಬಾಗಿಲು ಸಡಿಲಾದ ಕೂಡಲೇ ಅತ್ತೆ ಅವನನ್ನು ಆ ಕಡೆ ತಿರುಗಿ ನಿಲ್ಲಲು ಹೇಳಿ, ತಮ್ಮದೊಂದು ಸೀರೆ ಹಿಡಿದು ಒಳಗೆ ಬಂದರು. ನನ್ನನ್ನು ಅದರಲ್ಲಿ ಸುತ್ತಿದರು. ಆಮೇಲೆ ನನ್ನ ಎರಡೂ ಕೈ ಹಿಡಿದು ಬೆಳಕಿಗೆ ಎತ್ತಿ ನೋಡಿದರು. ಗೆಣ್ಣುಗಳು ಕೆಂಪಗೆ ಊದಿ, ನಡುನಡುವೆ ಚರ್ಮ ಕಿತ್ತಿತ್ತು. ತಮ್ಮ ಕೈಯನ್ನು ಪಕ್ಕದಲ್ಲಿಟ್ಟು ನೋಡಿದರು.

ಸಂಜೆ ಮಗ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆ ಹೇಳಿದರು: "ನಾಳೆ ರಜಾ ಹಾಕು. ಇಕೀನ್ನ ದೊಡ್ಡ ಡಾಕ್ಟರ ಕಡೆ ಕರಕೊಂಡು ಹೋಗೋಣು. ಇದು ನನಗ ಬಂದದ್ದಲ್ಲ."

ದೊಡ್ಡ ಡಾಕ್ಟರೆಂದರೆ ಕೀಲುರೋಗಗಳ ತಜ್ಞೆ. ಅವರನ್ನು ಕಾಣುವ ದಿನ ಸಿಕ್ಕಲು ಕೆಲವು ವಾರ ಹಿಡಿಯಿತು. ಅವರು ನನ್ನ ಒಂದೊಂದು ಗೆಣ್ಣನ್ನೂ ಒತ್ತಿ ನೋಡಿ, ರಕ್ತ ಪರೀಕ್ಷೆ, ಎಕ್ಸ್‌ರೇ ಮಾಡಿಸಿ, ಎರಡನೇ ಸಲ ಹೋದಾಗ ಮೂವರನ್ನೂ ಕೂರಿಸಿಕೊಂಡು ಮರಾಠಿಯಲ್ಲಿ ವಿವರಿಸಿದರು. ಚಿಕುನ್‌ಗುನ್ಯಾ ಹೋಗಿದೆ, ಅದರ ವೈರಸ್ಸನ್ನು ಮೈ ಎಂದೋ ಓಡಿಸಿದೆ. ಆದರೆ ಓಡಿಸಲು ಎದ್ದ ರೋಗನಿರೋಧಕ ಶಕ್ತಿ ಈಗ ನಿಮ್ಮದೇ ಕೀಲುಗಳನ್ನು ಪರಕೀಯವೆಂದು ತಿಳಿದಿದೆ. ಇದು ಸಂಧಿವಾತ. ಎಕ್ಸ್‌ರೇಯಲ್ಲಿ ಬಲಗೈಯ ಒಂದು ಗೆಣ್ಣಿನ ಎಲುಬು ಅಂಚಿನಲ್ಲಿ ಸವೆದದ್ದನ್ನು ತೋರಿಸಿದರು. ಇಲಿ ಕಡಿದಂತೆ ಕಾಣುತ್ತಿತ್ತು.

ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ಹಂಗಂದ್ರ, ಮೈ ತನ್ನನ್ನ ತಾನ ತಿನ್ನಲಿಕ್ಕತ್ತದೇನು?" ನಾನು ಹೌದೆಂದೆ.

ಆ ಜ್ವರ ಬರದಿದ್ದರೆ ಇದು ಬರುತ್ತಿರಲಿಲ್ಲವೇ ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ಯೋಚಿಸಿ ಉತ್ತರಿಸಿದರು. ಕೆಲವರಲ್ಲಿ ಇದರ ಬೀಜ ಮೊದಲೇ ಇರುತ್ತದೆ, ಜ್ವರ ಅದನ್ನು ಎಬ್ಬಿಸಿರಬಹುದು. ಎಬ್ಬಿಸದಿದ್ದರೆ ಜೀವಮಾನವಿಡೀ ಮಲಗಿಯೇ ಇರುತ್ತಿತ್ತೇನೋ, ಮುಂದಿನ ವರ್ಷ ತಾನೇ ಏಳುತ್ತಿತ್ತೇನೋ. ಖಚಿತವಾಗಿ ಹೇಳಲಾಗದು. ಈ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಗುಂಡಿಯ ನೀರನ್ನು ಬೈಯೋಣವೆಂದರೆ ಬೀಜ ನನ್ನದು, ನನ್ನನ್ನೇ ಬೈದುಕೊಳ್ಳೋಣವೆಂದರೆ ಸೊಳ್ಳೆ ಅಲ್ಲಿಯದು.

ಔಷಧಿ ಬರೆಯುವ ಮೊದಲು ಡಾಕ್ಟರು ಪೆನ್ನು ಕೆಳಗಿಟ್ಟು, ಮಕ್ಕಳ ಬಗ್ಗೆ ಏನು ವಿಚಾರವಿದೆ ಎಂದು ಕೇಳಿದರು. ಗಂಡ ನೆಲ ನೋಡಿದರು. ನಾನು, ಈ ವರ್ಷ ಎಂದುಕೊಂಡಿದ್ದೆವು ಎಂದೆ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಈ ಗುಳಿಗೆ ನಡೆದಿರುವಾಗ ಗರ್ಭ ನಿಲ್ಲಲೇ ಕೂಡದು, ಮಗುವಿಗೆ ಅಪಾಯ ಎಂದರು. ರೋಗ ಹತೋಟಿಗೆ ಬಂದ ಮೇಲೆ ಗುಳಿಗೆ ನಿಲ್ಲಿಸಿ, ಬೇರೆ ಸೌಮ್ಯವಾದ ಔಷಧಿ ಕೊಟ್ಟು, ಕೆಲವು ತಿಂಗಳು ಕಾದು, ಆಮೇಲೆ ಪ್ರಯತ್ನಿಸಬಹುದು. ಸೌಮ್ಯವಾದದ್ದನ್ನೇ ಈಗಲೇ ಕೊಡಬಾರದೇ ಎಂದು ಗಂಡ ಕೇಳಿದರು. ಎಲುಬು ಸವೆಯುತ್ತಿರುವಾಗ ಅದರ ಮೇಲಷ್ಟೇ ಭರವಸೆ ಇಡಲಾರೆ ಎಂದರು. ಸುಮ್ಮನೆ ಬಿಟ್ಟರೆ ಬೆರಳು ಸೊಟ್ಟಗಾಗುತ್ತವೆ, ಸೊಟ್ಟಗಾದದ್ದು ನೆಟ್ಟಗಾಗುವುದಿಲ್ಲ.

ರಿಕ್ಷಾದಲ್ಲಿ ನಾನು ಅತ್ತೆ ಮತ್ತು ಗಂಡನ ನಡುವೆ ಕೂತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಅತ್ತೆ ಹೊರಗೆ ನೋಡುತ್ತಲೇ ಹೇಳಿದರು, "ಗುಳಿಗಿ ಶುರು ಮಾಡು. ಕೂಸು ಎಲ್ಲೂ ಓಡಿಹೋಗೂದಿಲ್ಲ."

ಅವರು ಅಡ್ಡ ನಿಲ್ಲುತ್ತಾರೆಂದು ನಾನು ಮನಸ್ಸಿನಲ್ಲೇ ಜಗಳಕ್ಕೆ ಮಾತು ಜೋಡಿಸಿಟ್ಟುಕೊಂಡಿದ್ದೆ. ಅವರು ಅಡ್ಡ ನಿಲ್ಲಲಿಲ್ಲ. ಜಗಳ ಆಡಲೂ ಯಾರೂ ಇಲ್ಲದಂತಾಯಿತು.

ರವಿವಾರ ಗುಳಿಗೆಯ ದಿನವಾಯಿತು. ಸೋಮವಾರವೆಲ್ಲ ಹೊಟ್ಟೆ ತೊಳಸುತ್ತಿತ್ತು, ಒಗ್ಗರಣೆಯ ವಾಸನೆ ಬಂದರೆ ಓಡಿಹೋಗುತ್ತಿದ್ದೆ. ಕಟ್ಟಡದ ಹೆಂಗಸರು ಅದನ್ನು ಕಂಡು ಬೇರೆಯದೇ ಅರ್ಥ ಮಾಡಿಕೊಂಡು, ಮೆಟ್ಟಿಲ ಮೇಲೆ ನಿಲ್ಲಿಸಿ ಕಣ್ಣು ಮಿಟುಕಿಸಿ ಕೇಳುತ್ತಿದ್ದರು. ಅಲ್ಲ ಎನ್ನುವುದು, ಯಾಕೆ ಅಲ್ಲ ಎಂದು ಹೇಳುವುದು, ಎರಡೂ ಬೇಡವೆನಿಸಿ ಎದುರುಮನೆಯವರು ಹೊರಟ ಸದ್ದು ಕೇಳಿದರೆ ಬಾಗಿಲ ಹಿಂದೆಯೇ ನಿಲ್ಲುತ್ತಿದ್ದೆ. ಈ ಔಷಧಿ ಮೈಯ ಕಾವಲನ್ನೇ ಮಂಕು ಮಾಡುತ್ತದೆ, ಆದ್ದರಿಂದ ಸೋಂಕು ತಗಲದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಗಂಡ ಎಲ್ಲ ಕಿಟಕಿಗಳಿಗೂ ಸೊಳ್ಳೆಜಾಲರಿ ಹೊಡೆಸಿದರು. ಶೀತವಾದವರು ಮನೆಗೆ ಬಂದರೆ ನಾನು ಒಳಗಿನ ಕೋಣೆಗೆ. ನನ್ನ ತಮ್ಮನ ಮದುವೆಗೆ ಧಾರವಾಡಕ್ಕೆ ಹೋದಾಗ ಮಂಟಪದ ತುದಿಯಲ್ಲಿ ಮುಖಗವುಸು ಹಾಕಿಕೊಂಡು ಕೂತಿದ್ದೆ. ಅಕ್ಷತೆಯ ಹೊತ್ತಿಗೆ ತಾಯಿ ಬಂದು ಕೈಹಿಡಿದು ಎಳೆದರು, ಗುಂಪಿನೊಳಗೆ ಹೋಗಿ ಒಂದು ಮುಷ್ಟಿ ಅಕ್ಕಿ ಎಸೆದು ತಿರುಗಿ ಬಂದೆ.

ಆದರೆ ಬೆರಳು ಸಡಿಲಾದವು. ಇದನ್ನು ಹೇಳಲೇಬೇಕು. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಎದ್ದು ನಾನು ಚಾದರ ಮಡಿಚಿಟ್ಟೆ, ಮಡಿಚಿದ ಮೇಲೆ ಗೊತ್ತಾಯಿತು. ಚಿಲಕದ ಆ ದಿನದಿಂದ ಬಿಟ್ಟಿದ್ದ ಅಂಗಡಿಗೆ ಮರಳಿದೆ. ಕಾಕಾ ನನ್ನ ಮೇಜಿಗೆ ಬೇರೆ ಹುಡುಗಿಯನ್ನು ಇಟ್ಟುಕೊಂಡಿದ್ದರು, ತಪ್ಪೇನಿಲ್ಲ. ನನ್ನನ್ನು ಕೌಂಟರಿಗೆ ಕೂರಿಸಿದರು. ಮಧ್ಯಾಹ್ನದ ಮೇಲೆ ಗಿರಾಕಿ ಕಡಿಮೆಯಿದ್ದಾಗ ಆ ಹುಡುಗಿಯ ಪಕ್ಕದಲ್ಲಿ ಕೂತು ಒಂದೆರಡು ಫ್ರೇಮು ನಾನೂ ಕೂರಿಸುತ್ತಿದ್ದೆ.

ವರ್ಷದ ಮೇಲಾದಾಗ ಡಾಕ್ಟರು, ಈಗ ನಿಲ್ಲಿಸಿ ನೋಡೋಣ ಎಂದರು. ಸೌಮ್ಯವಾದ ಗುಳಿಗೆ ಶುರುವಾಯಿತು, ಕಾಯುವ ತಿಂಗಳುಗಳು ಶುರುವಾದವು. ಅತ್ತೆ ಟ್ರಂಕಿನಿಂದ ಹಳೆಯ ಮೆತ್ತನೆ ನೂಲಿನ ಸೀರೆಗಳನ್ನು ತೆಗೆದು, ಚೌಕ ಚೌಕ ಕತ್ತರಿಸಿ, ಸಣ್ಣದೊಂದು ಕೌದಿ ಹೊಲಿಯತೊಡಗಿದರು. ನಾನು ಬಂದರೆ ಅದನ್ನು ತೊಡೆಯ ಕೆಳಗೆ ಸರಿಸಿಕೊಳ್ಳುತ್ತಿದ್ದರು. ಗಂಡ ನನ್ನ ಜೊತೆ ನಾಜೂಕಾಗಿ ಮಾತಾಡತೊಡಗಿದರು. ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುತ್ತಿರಲಿಲ್ಲ ಎನಿಸುತ್ತಿತ್ತು.

ಕಾಯುವ ಅವಧಿ ಮುಗಿಯುವ ಮೊದಲೇ ನೋವು ಬಂತು. ಈ ಸಲ ಮಣಿಕಟ್ಟಿನಿಂದ ಶುರುವಾಗಿ ಮೊಣಕಾಲಿಗೆ ಇಳಿಯಿತು. ಲಿಫ್ಟಿಲ್ಲದ ಮೂರನೇ ಮಹಡಿ. ಇಳಿದರೆ ಹತ್ತಲಾರೆನೆಂದು ನಾನು ಇಳಿಯುವುದನ್ನೇ ಬಿಟ್ಟೆ. ಡಾಕ್ಟರು ಮತ್ತೆ ಹಳೆಯ ಗುಳಿಗೆಯನ್ನೇ ಶುರು ಮಾಡಿಸಿದರು. ಮತ್ತೊಂದು ವರ್ಷದ ನಂತರ ಇನ್ನೊಮ್ಮೆ ನಿಲ್ಲಿಸಿದೆವು. ಆಗ ಕಾಯುವ ತಿಂಗಳುಗಳು ಮುಗಿದು, ನಾವು ಆಸೆಯಿಂದ ಒಂದೆರಡು ತಿಂಗಳು ಕಳೆದೆವು. ಏನೂ ಆಗಲಿಲ್ಲ. ಮೂರನೇ ತಿಂಗಳು ನೋವು ತಿರುಗಿ ಬಂತು, ಎಡಗೈಯ ಕಿರುಬೆರಳು ಹೊರಕ್ಕೆ ವಾಲತೊಡಗಿತು.

ಆ ರವಿವಾರ ಬೆಳಿಗ್ಗೆ ಗಂಡ ಚಹಾ ಮಾಡುತ್ತಿದ್ದರು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೈಗಳನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟುಕೊಂಡು ಕೂತಿದ್ದೆ.

"ಡಾಕ್ಟರಿಗೆ ಹೇಳಿ ಇನ್ನೊಂದೆರಡು ತಿಂಗಳು ತಡದು ನೋಡೂಣೇನು?" ಎಂದರು, ಗ್ಯಾಸಿನ ಕಡೆಗೇ ಮುಖಮಾಡಿ.

"ಬ್ಯಾಡ್ರಿ."

"ಸಣ್ಣ ಡೋಸ್ ಸ್ಟಿರಾಯ್ಡ್ ಕೊಡ್ತಾರಂತಲ್ಲ, ಅದರ ಮ್ಯಾಲೆ..."

"ನನಗ ನನ್ನ ಕೈ ಬೇಕ್ರಿ" ಎಂದೆ. ಹೇಳಿದ ಮೇಲೆ ಅದು ಎಷ್ಟು ದಿನದಿಂದ ಬಾಯಿಯ ತುದಿಯಲ್ಲಿತ್ತೆಂದು ತಿಳಿಯಿತು. "ಇವತ್ತ ಗುಳಿಗಿ ತಗೋತೀನಿ. ಮತ್ತ ನಿಲ್ಲಸೂದಿಲ್ಲ."

ಅವರು ಚಹಾ ಸೋಸಿದರು. ನನ್ನ ಬಟ್ಟಲಿಗೆ ಹಿಡಿಯಲು ಸುಲಭವಾಗಲೆಂದು ಕರವಸ್ತ್ರ ಸುತ್ತಿ ಮುಂದಿಟ್ಟರು. "ಅವ್ವಗ ಯಾರು ಹೇಳೋರು?" ಎಂದರು.

"ನಾನ ಹೇಳ್ತೀನಿ."

ಅತ್ತೆ ಬಾಲ್ಕನಿಯ ಬಿಸಿಲಲ್ಲಿ ಕೌದಿ ಹರಡಿಕೊಂಡು ಕೂತಿದ್ದರು. ಈ ಸಲ ಅದನ್ನು ಮುಚ್ಚಿಡಲಿಲ್ಲ. ನಾನು ಹೇಳಿದ್ದನ್ನು ಸೂಜಿ ನಿಲ್ಲಿಸದೆ ಕೇಳಿದರು. ದಾರ ಮುಗಿಯಿತು. ಗಂಟು ಹಾಕಿ ಹಲ್ಲಿನಿಂದ ಕಡಿದರು.

"ನಿನಗ ಸಿಟ್ಟ ಅದ ಏನು?" ಎಂದು ಕೇಳಿದರು.

"ಯಾರ ಮ್ಯಾಲ್ರಿ?"

"ಅದನ್ನ ಕೇಳಲಿಕ್ಕತ್ತೀನಿ."

"ಯಾರ ಮ್ಯಾಲ ಅಂತ ಗೊತ್ತಾಗವಲ್ದ್ರಿ, ಅತ್ತ್ಯಾರ."

"ಹೂಂ" ಎಂದರು. "ನನಗೂ ಹಂಗ ಅದ." ಸೂಜಿಯನ್ನು ನನ್ನ ಕಡೆ ಚಾಚಿ, ದಾರ ಪೋಣಿಸಿ ಕೊಡಲು ಹೇಳಿ, ಕೂಡಲೇ ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡರು. ಕಣ್ಣು ಕಿರಿದು ಮಾಡಿ ತಾವೇ ಪೋಣಿಸಲು ನೋಡಿದರು. ಆಗಲಿಲ್ಲ. ನನಗೂ ಆಗುತ್ತಿರಲಿಲ್ಲ. ಮಗನನ್ನು ಕೂಗಿದರು. ಅವರು ಬಂದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಪೋಣಿಸಿ ಕೊಟ್ಟು, ನಮ್ಮಿಬ್ಬರ ಮುಖ ನೋಡಿ, ಅಲ್ಲೇ ಹೊಸ್ತಿಲ ಮೇಲೆ ಕೂತರು.

ಈಗ ನಾನು ಮೂವತ್ತೇಳರ ಹತ್ತಿರದಲ್ಲಿದ್ದೇನೆ. ಬೆಳಗಿನ ಬಿಗಿತ ಸ್ನಾನದ ಹೊತ್ತಿಗೆ ಬಿಡುತ್ತದೆ. ಕಿರುಬೆರಳು ವಾಲಿದಷ್ಟಕ್ಕೇ ನಿಂತಿದೆ. ರವಿವಾರ ಗುಳಿಗೆ, ಸೋಮವಾರ ಅಂಗಡಿಗೆ ರಜೆ. ಕೌದಿ ಮುಗಿದಿದೆ. ಅದು ಯಾರಿಗೆಂದು ನಾನು ಕೇಳಿಲ್ಲ, ಅತ್ತೆ ಹೇಳಿಲ್ಲ. ಗಂಡ ಒಮ್ಮೆ ದತ್ತು ತೆಗೆದುಕೊಳ್ಳುವ ಮಾತೆತ್ತಿದರು. ಜ್ವರ ಬಂದ ಮಗುವನ್ನು ಎದೆಗವಚಿಕೊಳ್ಳುವ ಮೊದಲು ನಾನು ಮುಖಗವುಸು ಹುಡುಕಬೇಕಲ್ಲ ಎಂದೆ. ಅವರು, ಗವುಸು ಹಾಕ್ಕೊಂಡ ಅವಚಿಕೋ ಎಂದರು.